ಅರಮನೆಯ ತೊಲೆ ಊಟಿಗೆ ಹೋಯ್ತು!



ಅರಮನೆ ಅಂದ ಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತೆ? ನನಗಂತೂ ಟೆಂಟಿನ ಪರದೆ! ಮರಳಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮುಂದೆ ಕೂತವನ ತಲೆ ಸರಿಸಿ ಸರಿಸಿ ನೋಡಿದ ಅರಮನೆಗಳೇ ನಮ್ಮ ಕಾಲದ ಹುಡುಗರ ಅರಮನೆಗಳು. ಹಾಡುಹಗಲಲ್ಲೂ ಉರಿಯುವ ದೀಪಗಳು. ಸಿಂಹಾಸನದ ಅಕ್ಕಪಕ್ಕ ಚಾಮರ ಬೀಸುವ ಇಬ್ಬರು ಹೆಂಗಸರು... ರಾಜ್ಯ ಹೋದರೂ ಬಂದರೂ ಅವರ ಮುಖ ಮಾತ್ರ ಬದಲಾಗೋದಿಲ್ಲ! ನಡುವೆ ಕನ್ನಡಿ ಹಾಗೆ ಹೊಳೆಯೋ ನೆಲ. ಆ ನೆಲ ಕಂಡ ಕೂಡಲೇ ಗಾಂಧಿ ಕ್ಲಾಸಿನವರಿಗೆ ಗೊತ್ತಾಗಿಬಿಡುತ್ತಿತ್ತು, ಇನ್ನೆರಡು ನಿಮಿಷಕ್ಕೆ ಡ್ಯಾನ್ಸು ಗ್ಯಾರಂಟಿ ಅಂತ.

ಸೆಟ್ ಕೆಲಸ ಮಾಡುವ ಹಳೇ ಬಡಗಿಯೊಬ್ಬರನ್ನು ಒಮ್ಮೆ ಕೇಳಿದ್ದೆ: ‘ಅಷ್ಟು ದೊಡ್ಡ ಅರಮನೆ ಕಟ್ತೀರಲ್ಲ, ಆಮೇಲೆ ಅದನ್ನ ಏನು ಮಾಡ್ತೀರಿ?’ ಅವರು ಬೀಡಿ ಹಚ್ಚಿ ನಕ್ಕರು. ‘ಪ್ಯಾಕಪ್ ಅಂದ ಮಾರನೇ ದಿನವೇ ಮೊಳೆ ಕೀಳೋದು ಸ್ವಾಮಿ. ಈ ವಾರ ರಾಜನ ಅಂತಃಪುರ, ಮುಂದಿನ ವಾರ ಅದೇ ಮರದಲ್ಲಿ ಇನ್ನೊಬ್ಬ ಪ್ರೊಡ್ಯೂಸರ್‌ಗೆ ಪೊಲೀಸ್ ಸ್ಟೇಷನ್ನು!’

ಈ ಮಾತು ಸಿನಿಮಾ ಅರಮನೆಗೆ ಮಾತ್ರ ಅಂದುಕೊಂಡಿರಾ? ನಿಜವಾದ ಅರಮನೆಯ ಕಥೆಯೂ ಹೆಚ್ಚು ಕಡಿಮೆ ಇದೇ. ನಂಬಿಕೆ ಬಾರದಿದ್ದರೆ ಮುಂದೆ ಓದಿ.

ನಾನು ಕುದೇರಿನವನು. ಈಗ ಕುದೇರು ಅಂದರೆ ಜನಕ್ಕೆ ಚಾಮುಲ್ ಹಾಲಿನ ಡೈರಿ ನೆನಪಿಗೆ ಬರುತ್ತೆ. ನಮ್ಮ ಹುಡುಗಾಟದ ದಿನಗಳಲ್ಲಿ ನಮಗೆ ಇದ್ದ ಜಂಬ ಒಂದೇ, ಅಣ್ಣಾವ್ರ ಗಾಜನೂರು ನಮ್ಮ ಸೀಮೆಯ ಮಗ್ಗುಲಲ್ಲೇ ಇದೆ ಅಂತ. 1970ರಲ್ಲಿ ಪಂತುಲು ಅವರು ಮಾಡಿದ ‘ಶ್ರೀಕೃಷ್ಣದೇವರಾಯ’ ಎಷ್ಟೋ ವರ್ಷ ಕಳೆದ ಮೇಲೆ ಟೆಂಟಿಗೆ ಬಂದಾಗ ನಾವು ಹಾಕಿದ ಶಿಳ್ಳೆ ಅಷ್ಟಿಷ್ಟಲ್ಲ. ಬಣ್ಣದ ಚಿತ್ರ, ಕಿರೀಟ ಇಟ್ಟ ರಾಜ್‌ಕುಮಾರ್, ಸಾಕಲ್ಲ! ರಾಯ ಯಾರ ಮೇಲೆ ದಂಡೆತ್ತಿ ಹೋದರೂ ಸರಿ, ನಾವು ರಾಯನ ಕಡೆ.

ಆದರೆ ಸ್ವಲ್ಪ ನಿಲ್ಲಿ. ನಿಜವಾದ ಕೃಷ್ಣದೇವರಾಯ 1509ರಲ್ಲಿ ಪಟ್ಟಕ್ಕೆ ಬಂದ ಮೇಲೆ ಮೊದಮೊದಲು ಯಾರ ಮೇಲೆ ದಂಡೆತ್ತಿ ಬಂದ ಗೊತ್ತೆ? ನಮ್ಮ ಉಮ್ಮತ್ತೂರಿನ ಮೇಲೆ! ಕುದೇರಿನವರಿಗೆ ಉಮ್ಮತ್ತೂರು ಅಂದರೆ ಪಕ್ಕದ ಊರು. ಜಾತ್ರೆ, ನಂಟಸ್ತನ, ಹೆಣ್ಣು ಕೊಡೋದು ತರೋದು ಎಲ್ಲಾ ಇರೋ ಊರು. ಅಲ್ಲಿಯ ಪಾಳೆಯಗಾರರು ವಿಜಯನಗರಕ್ಕೇ ಸೆಡ್ಡು ಹೊಡೆದು ನಿಂತಿದ್ದರು. ರಾಯನ ಸೈನ್ಯ ಬಂತು, ಶಿವನಸಮುದ್ರದ ಕೋಟೆ ಬಿತ್ತು, ಅವರ ದೊರೆ ಗಂಗರಾಜ ಓಡುವಾಗ ಕಾವೇರಿಯಲ್ಲಿ ಮುಳುಗಿ ಸತ್ತ. ಅಂದರೆ ಟೆಂಟಿನಲ್ಲಿ ಕೂತು ನಾವು ಶಿಳ್ಳೆ ಹಾಕಿದ್ದು ನಮ್ಮ ನೆಂಟರ ಊರನ್ನೇ ಸೋಲಿಸಿದ ಹೀರೋಗೆ! ಇದನ್ನು ಉಮ್ಮತ್ತೂರಿನ ಗೆಳೆಯನೊಬ್ಬನಿಗೆ ಹೇಳಿದರೆ ಅವನು, ‘ಇರ್ಲಿ ಬುಡು, ರಾಜ್‌ಕುಮಾರ್ ತಾನೆ ಸೋಲಿಸಿದ್ದು’ ಅಂದುಬಿಟ್ಟ. ಅಭಿಮಾನ ಅಂದರೆ ಹೀಗಿರಬೇಕು ನೋಡಿ!

ಉಮ್ಮತ್ತೂರು ಬಿದ್ದ ಮೇಲೆ ಈ ಸೀಮೆಗೆಲ್ಲ ಶ್ರೀರಂಗಪಟ್ಟಣ ಮುಖ್ಯ ಊರಾಯಿತು. 1610ರಲ್ಲಿ ಅದು ವಿಜಯನಗರದ ಪ್ರತಿನಿಧಿಯ ಕೈಯಿಂದ ಮೈಸೂರಿನ ರಾಜ ಒಡೆಯರ ಕೈಗೆ ಬಂತು. ಅಲ್ಲಿಂದ 1799ರವರೆಗೆ ಅದೇ ರಾಜಧಾನಿ. ಬೆತ್ತದಂತೆ ಬಳುಕದ, ತಿರುಚಿನಾಪಳ್ಳಿಗೆ ಮಾರುವೇಷದಲ್ಲಿ ಹೋಗಿ ಅಲ್ಲಿಯ ಜಟ್ಟಿಯನ್ನು ಮುಗಿಸಿ ಬಂದನೆಂದು ಜನ ಹೇಳುವ ರಣಧೀರ ಕಂಠೀರವ ನರಸರಾಜ ಒಡೆಯರು ಆಳಿದ್ದೂ ಅಲ್ಲಿಂದಲೇ, 1638ರಿಂದ 1659ರ ತನಕ. 1960ರ ‘ರಣಧೀರ ಕಂಠೀರವ’ ಯಾರಿಗೆ ಗೊತ್ತಿಲ್ಲ? ರಾಜ್‌ಕುಮಾರ್, ಬಾಲಣ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ನಾಲ್ವರೂ ಸೇರಿ ತಾವೇ ಮಾಡಿದ ಚಿತ್ರ. ಬೆಂಗಳೂರಿನ ಕಂಠೀರವ ಸ್ಟುಡಿಯೋಗೆ ಹೆಸರೂ ಆ ದೊರೆಯದೇ. ಅಣ್ಣಾವ್ರು ಮಲಗಿರೋದೂ ಅಲ್ಲೇ.

ಹೀಗಿರುವಾಗ ಒಬ್ಬ ಸಿನಿಮಾ ಅಭಿಮಾನಿ ಶ್ರೀರಂಗಪಟ್ಟಣದ ಅರಮನೆ ನೋಡದೆ ಇರೋದುಂಟೆ? ಹೊರಟೆ. ಜೊತೆಗೆ ನಮ್ಮಕ್ಕನ ಮಗ. ವಯಸ್ಸು 19. ಮೊದಲ ದಿನ ಮೊದಲ ಆಟ ತಪ್ಪಿಸದ ಆಸಾಮಿ. ಕುದೇರಿನಿಂದ ಮೈಸೂರು, ಮೈಸೂರಿನಲ್ಲಿ ಬಸ್ಸು ಬದಲಾಯಿಸಿ ಪಟ್ಟಣ. ದಾರಿಯುದ್ದಕ್ಕೂ ಅವನ ಬಾಯಲ್ಲಿ ಬಾಹುಬಲಿ, ಮಾಹಿಷ್ಮತಿ ಅರಮನೆ ಇದೇ ಮಾತು. ನಾನು ಸುಮ್ಮನೆ ಹೂಂಗುಟ್ಟುತ್ತಾ ಕೂತಿದ್ದೆ.

ರಂಗನಾಥನ ದರ್ಶನ ಮಾಡಿಕೊಂಡು ಹೊರಗೆ ಬಂದೆವು. ಗುಡಿಗೆ ಕೂಗಳತೆಯಲ್ಲೇ ಲಾಲ್ ಮಹಲ್, ಟಿಪ್ಪು ಸುಲ್ತಾನನ ಅರಮನೆ ಇದ್ದ ಜಾಗ. ಪುರಾತತ್ತ್ವ ಇಲಾಖೆಯ ಬೋರ್ಡು ಇದೆ. ನಮ್ಮ ಹುಡುಗ ಬೋರ್ಡು ನೋಡಿದ, ಆಚೆ ನೋಡಿದ, ಈಚೆ ನೋಡಿದ.

‘ಮಾವೋ, ಅರಮನೆ ಎಲ್ಲದ?’

‘ಇದೇ ಕಣ್ಲಾ.’

‘ಇದು ಪಾಯ ಅಲ್ವಾ ಮಾವ?’

ಪಾಯವೇ! ಇಟ್ಟಿಗೆ, ಗಾರೆ, ಮೊಣಕಾಲೆತ್ತರ ಸೊಂಟದೆತ್ತರದ ಮೊಂಡು ಗೋಡೆಗಳು, ನಡುನಡುವೆ ಹುಲ್ಲು. ನಮ್ಮೂರಲ್ಲಿ ದುಡ್ಡು ಸಾಲದೆ ಅರ್ಧಕ್ಕೆ ನಿಲ್ಲಿಸಿದ ಮನೆಗಳೇ ಇದಕ್ಕಿಂತ ಎತ್ತರ ಇರುತ್ತವೆ. ಸೌತೇಕಾಯಿ ಹೆಚ್ಚಿ ಉಪ್ಪುಖಾರ ಸವರಿ ಕೊಡುತ್ತಿದ್ದ ಮುದುಕಿಯನ್ನು ಕೇಳಿದೆ, ‘ಯಾಕವ್ವಾ, ಅರಮನೆ ಇಷ್ಟೇನಾ?’

‘ಎಲ್ಲಾರೂ ಹಂಗೇ ಕೇಳ್ತಾರೆ ಕನಪ್ಪ. ಬತ್ತಾರೆ, ಫೋಟ ಹಿಡ್ಕತಾರೆ, ಅರಮನೆ ಎಲ್ಲಿ ಅಂತಾರೆ, ಸೌತೇಕಾಯಿ ತಕಂಡು ಹೋಯ್ತಾರೆ. ನಾಲಕ್ಕು ಕೊಡ್ಲಾ?’

ಸೌತೇಕಾಯಿ ತಿನ್ನುತ್ತಾ ಆ ಹುಡುಗನಿಗೆ ಕಥೆ ಹೇಳಿದೆ. ನಿಮಗೂ ಹೇಳ್ತೀನಿ, ಯಾಕೆಂದರೆ ಅಲ್ಲಿ ಇಟ್ಟಿಗೆ ಕಾಣುತ್ತೆ, ಕಥೆ ಕಾಣೋದಿಲ್ಲ.

1800ರಲ್ಲಿ, ಅಂದರೆ ಟಿಪ್ಪು ಸತ್ತ ಮರುವರ್ಷ, ಬುಕಾನನ್ ಅಂತ ಒಬ್ಬ ಇಂಗ್ಲಿಷ್ ಸರ್ಕಾರದ ಡಾಕ್ಟರು ಇಲ್ಲಿಗೆ ಬಂದಿದ್ದ. ಅವನು ಈ ಅರಮನೆಯನ್ನು ನಿಂತಿದ್ದಾಗ ಕಂಡು ಬರೆದಿಟ್ಟವನು. ಅವನು ಹೇಳೋ ಪ್ರಕಾರ ಹೊರಗಿನಿಂದ ಏನೇನೂ ಚೆಂದ ಇರಲಿಲ್ಲ. ಕಲ್ಲುಮಣ್ಣಿನ ದಪ್ಪ ಗೋಡೆ, ಅಷ್ಟೇ. ಕಥೆ ಇದ್ದದ್ದು ಒಳಗೆ. ಸುಲ್ತಾನನ ಖಾಸಾ ಅಂಗಳಕ್ಕೆ ಹೋಗೋ ದಾರಿ ಇಕ್ಕಟ್ಟು. ಆ ಇಕ್ಕಟ್ಟಿನಲ್ಲಿ ಸರಪಳಿ ಹಾಕಿ ಕಟ್ಟಿದ ನಾಲ್ಕು ಹುಲಿಗಳು! ಒಂದಲ್ಲ ಎರಡಲ್ಲ, ನಾಲ್ಕು. ಒಂದಿಷ್ಟು ಪಳಗಿದ ಹುಲಿಗಳೇ, ಆದರೂ ಗಲಾಟೆ ಆದರೆ ಕೆರಳುವಂಥವು. ಅದನ್ನು ದಾಟಿದರೆ ಸುಲ್ತಾನ ಬರೆಯುತ್ತಾ ಕೂರುವ ಹಜಾರ. ಅದರ ಹಿಂದೆ ಮಲಗೋ ಕೋಣೆ, ಒಂದು ಬಾಗಿಲು, ಎರಡು ಕಿಟಕಿ, ಕಿಟಕಿಗೆ ಕಬ್ಬಿಣದ ಜಾಲರಿ. ಮಂಚ ಇಲ್ಲ! ಸೂರಿನಿಂದ ಸರಪಳಿಯಲ್ಲಿ ತೂಗುಬಿಟ್ಟ ತೊಟ್ಟಿಲಿನಂಥ ಹಾಸಿಗೆ. ಕಿಟಕಿಯಿಂದ ಯಾರಾದರೂ ಗುಂಡು ಹಾರಿಸೋಣ ಅಂದರೂ ಮಲಗಿದವನು ಕಣ್ಣಿಗೆ ಬೀಳಬಾರದು, ಹಾಗೆ ಕಟ್ಟಿದ್ದು. ಅದರೊಳಗೆ ಒಂದು ಕತ್ತಿ, ಗುಂಡು ತುಂಬಿದ ಜೋಡಿ ಪಿಸ್ತೂಲು.

ಮಿತ್ರರೇ, ಎಷ್ಟು ಐತಿಹಾಸಿಕ ಚಿತ್ರ ನೋಡಿದ್ದೀರಿ? ರಾಜ ಮಲಗೋ ಕೋಣೆ ಅಂದರೆ ರೇಷ್ಮೆ ಪರದೆ, ಹಂಸತೂಲಿಕಾ ತಲ್ಪ, ವೀಣೆ ಹಿಡಿದ ರಾಣಿ... ಇಲ್ಲಿ ನೋಡಿದರೆ ಪಿಸ್ತೂಲು ಪಕ್ಕದಲ್ಲಿಟ್ಟುಕೊಂಡು ತೂಗಾಡುತ್ತಾ ಮಲಗೋ ದೊರೆ. ಆ ಕೋಣೆಯಲ್ಲಿ ನಿದ್ದೆ ಎಷ್ಟು ಬರುತ್ತಿತ್ತೋ! ಯಾವ ಆರ್ಟ್ ಡೈರೆಕ್ಟರಿಗೂ ಇಂಥ ಸೆಟ್ ಹೊಳೆದಿಲ್ಲ ಅಂತ ನನ್ನ ಅನಿಸಿಕೆ.

ಈ ಅರಮನೆಯ ಸಂಗೀತದ ಕೋಣೆಯಲ್ಲೇ ಇಂಗ್ಲಿಷರಿಗೆ ಆ ಹೆಸರುವಾಸಿ ಮರದ ಹುಲಿ ಸಿಕ್ಕಿದ್ದು. ಬಿಳಿ ಸೋಲ್ಜರನ ಮೇಲೆ ಕೂತ ಹುಲಿ, ಹಿಡಿ ತಿರುಗಿಸಿದರೆ ಗುರ್ ಅನ್ನುತ್ತೆ, ಸೋಲ್ಜರ್ ನರಳ್ತಾನೆ. ಅದು ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಮರಕ್ಕೆ ಚಿನ್ನದ ತಗಡು ಹೊದಿಸಿದ ಸಿಂಹಾಸನವನ್ನು ಲೂಟಿ ಹಂಚೋ ಅಧಿಕಾರಿಗಳು ಒಡೆದು ಚೂರು ಮಾಡಿದರು. ಅದರ ಹುಲಿ ತಲೆ ಇಂಗ್ಲೆಂಡಿನ ವಿಂಡ್ಸರ್ ಅರಮನೆ ಸೇರಿತು.

ಸರಿ, ಸಾಮಾನು ಹೋಯಿತು. ಕಟ್ಟಡ?

1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಬಾಗಿಲ ಬಳಿ ಹೋರಾಡುತ್ತಾ ಸತ್ತ. ಆಮೇಲೆ ಊರಿನ ಉಸ್ತುವಾರಿ ಕರ್ನಲ್ ಆರ್ಥರ್ ವೆಲ್ಲೆಸ್ಲಿಗೆ ಬಂತು. ಮುಂದೆ ವಾಟರ್‌ಲೂ ಯುದ್ಧದಲ್ಲಿ ನೆಪೋಲಿಯನ್‌ನನ್ನು ಸೋಲಿಸಿದನಲ್ಲ, ಅವನೇ. ಅವನು ವಾಸಕ್ಕೆ ಆರಿಸಿಕೊಂಡದ್ದು ಕೋಟೆಯಾಚೆಯ ತೋಟದ ಮನೆ ದರಿಯಾ ದೌಲತ್. 1784ರಲ್ಲಿ ಟಿಪ್ಪು ಕಟ್ಟಿಸಿದ, ಬಣ್ಣ ಬಣ್ಣದ ಮರದ ಬೇಸಿಗೆ ಅರಮನೆ. ಅದು ಇವತ್ತೂ ನಿಂತಿದೆ, ಪೊಳ್ಳಿಲೂರು ಯುದ್ಧದ ಚಿತ್ರ ಗೋಡೆ ತುಂಬಾ ಇದೆ. ಸಾಹೇಬ ಇದ್ದ ಮನೆ ಉಳೀತು, ಸುಲ್ತಾನ ಇದ್ದ ಮನೆ ಹೋಯಿತು! ಲಾಲ್ ಮಹಲಿನ ಹೆಚ್ಚು ಭಾಗ ಕೆಡವಿದರು. ಉಳಿದ ತುಂಡನ್ನು ಗಂಧದ ಮರ ತುಂಬಿಡೋ ಉಗ್ರಾಣ ಮಾಡಿಕೊಂಡರು. ಗಂಜಾಂ ಕಡೆ ಲಾಲ್‌ಬಾಗ್ ಅರಮನೆ ಅಂತ ಇನ್ನೊಂದಿತ್ತು, ಅದೂ ನೆಲಸಮ.

ಮತ್ತೆ ಮರ? ಅಲ್ಲೇ ಇರೋದು ನಮ್ಮ ಬಡಗಿಯ ಮಾತು! ಹೀಗೆ ಶ್ರೀರಂಗಪಟ್ಟಣದಲ್ಲಿ ಕಿತ್ತ ಟಿಪ್ಪು ಅರಮನೆಯ ತೊಲೆಗಳನ್ನು ಆನೆಗಳಿಂದ ಎಳೆಸಿ ನೀಲಗಿರಿ ಬೆಟ್ಟ ಹತ್ತಿಸಿದರು. ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿಗೆ 1829ರಲ್ಲಿ ಪಾಯ ಹಾಕಿ ಕಟ್ಟಿದಾಗ ಅದರ ದೊಡ್ಡ ತೊಲೆ, ಮರಮುಟ್ಟು ಎಲ್ಲ ಇಲ್ಲಿಯದೇ. ಪ್ಯಾಕಪ್ ಆಯಿತು, ಮೊಳೆ ಕಿತ್ತರು, ಮರ ಮುಂದಿನ ಸೆಟ್ಟಿಗೆ ಹೋಯಿತು!

ನಮ್ಮ ಹುಡುಗ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದವನು ಸಿಟ್ಟಿಗೆದ್ದ. ‘ಎಂಥಾ ಅನ್ಯಾಯ ಮಾವ ಇದು! ಗೆದ್ದ ಅಂತ ಮನೆ ಕೀಳದಾ?’

ಕೀಳೋದು! ಇಂಗ್ಲಿಷರು ಮಾತ್ರವಲ್ಲ. ಟಿಪ್ಪುವೇ ಮೈಸೂರಿನ ಹಳೇ ಕೋಟೆ, ಅರಮನೆ ಕೆಡವಿಸಿದ್ದ. ಅಲ್ಲಿಯ ಕಲ್ಲು ಪಕ್ಕದಲ್ಲಿ ನಜರ್‌ಬಾದ್ ಅಂತ ಹೊಸ ಕೋಟೆ ಕಟ್ಟಲು ಹೋಯಿತು. ಅವನು ಸತ್ತ ಮೇಲೆ ಅದೇ ಕಲ್ಲು ಮೈಸೂರಿಗೆ ವಾಪಸ್ ಬಂತು. ಟಿಪ್ಪು ಹೆಸರು ಎತ್ತಿದರೆ ಈಗ ಹೋಟೆಲಿನಲ್ಲಿ ಎರಡು ಪಾರ್ಟಿ ಆಗುತ್ತೆ, ಕಾಫಿ ಆರಿ ಹೋಗುತ್ತೆ. ಆ ಜಗಳಕ್ಕೆ ಈ ಪುಟದಲ್ಲಿ ಜಾಗ ಇಲ್ಲ. ಅವನು ಕೆಡವಿದ್ದೂ ನಿಜ, ಅವನದನ್ನು ಕೆಡವಿದ್ದೂ ನಿಜ, ಎರಡನ್ನೂ ಅಲ್ಲೇ ನಿಂತು ಹುಡುಗನಿಗೆ ಹೇಳಿದೆ.

ಇದರಲ್ಲಿ ನಮ್ಮ ಚಾಮರಾಜನಗರದವರಿಗೆ ಒಂದು ಪಾಲಿದೆ. ಮೈಸೂರು ಗಾದಿಗೆ ವಾರಸುದಾರ ಇಲ್ಲದೆ ಹೋದಾಗ ಹೈದರ್ ಅಲಿ ಅರಸು ಮನೆತನದ ಮಕ್ಕಳನ್ನೆಲ್ಲ ಒಂದು ಹಜಾರದಲ್ಲಿ ಸೇರಿಸಿ, ಆಟಿಗೆ, ಹಣ್ಣು, ತಿಂಡಿ ಹರಡಿಸಿದನಂತೆ. ಮಕ್ಕಳೆಲ್ಲ ತಿಂಡಿಗೆ ಮುಗಿಬಿದ್ದರೆ ಒಂದು ಮಗು ಮಾತ್ರ ಹೊಳೆಯೋ ಕಠಾರಿಗೆ ಕೈಹಾಕಿತಂತೆ. ‘ಇವನೇ ರಾಜ!’ ಅಂದ ಹೈದರ್. ಇಂಟರ್‌ವಲ್ ಕಾರ್ಡ್ ಹಾಕೋ ಹಾಗಿರೋ ಸೀನು! ಆ ಮಗುವೇ ಖಾಸಾ ಚಾಮರಾಜ ಒಡೆಯರು, 1774ರಲ್ಲಿ ನಮ್ಮ ಅರಿಕುಠಾರದಲ್ಲಿ ಹುಟ್ಟಿದವರು. ಹೆಸರಿಗೆ ರಾಜ, ಅಧಿಕಾರ ಇಲ್ಲ. 1796ರಲ್ಲಿ ಶ್ರೀರಂಗಪಟ್ಟಣದಲ್ಲೇ ತೀರಿಕೊಂಡರು. ಆಮೇಲೆ ಅವರ ಮನೆಯವರನ್ನು ಅರಮನೆಯಿಂದಲೇ ಹೊರಡಿಸಿದರು. ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ 1799ರ ಜೂನ್ 30ರಂದು ಮೈಸೂರಿನಲ್ಲಿ ಪಟ್ಟ ಕಟ್ಟಿದಾಗ ವಯಸ್ಸು ಐದೂ ತುಂಬಿರಲಿಲ್ಲ. ಪಟ್ಟ ಕಟ್ಟಿದ್ದು ಎಲ್ಲಿ? ಚಪ್ಪರದ ಕೆಳಗೆ! ರಾಜ ಇದ್ದ, ಅರಮನೆ ಇರಲಿಲ್ಲ. ಅವರೇ ದೊಡ್ಡವರಾದ ಮೇಲೆ 1818ರಲ್ಲಿ ಅಪ್ಪನ ಊರಿಗೆ ಚಾಮರಾಜನಗರ ಅಂತ ಹೆಸರಿಟ್ಟು, 1826ರಲ್ಲಿ ಚಾಮರಾಜೇಶ್ವರನ ಗುಡಿ ಕಟ್ಟಿಸಿದರು. ಆ ಗುಡಿ ಕಲ್ಲಿನದು, ಇದೆ. ಅವರ ಕಾಲದಲ್ಲಿ ಮೈಸೂರಲ್ಲಿ ಎದ್ದ ಅರಮನೆ ಮರದ್ದು. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆ ಸಮಯದಲ್ಲಿ ಬೆಂಕಿ ಬಿದ್ದು ಬೂದಿಯಾಯಿತು. ನಾವು ದಸರೆಗೆ ಹೋಗಿ ಬಾಯಿ ಬಿಟ್ಟು ನೋಡೋ ಈಗಿನ ಅರಮನೆ ಆಮೇಲೆ ಕಲ್ಲು, ಕಬ್ಬಿಣ ಹಾಕಿ ಕಟ್ಟಿ 1912ರಲ್ಲಿ ಮುಗಿಸಿದ್ದು.

ಬೆಂಕಿ ಅಂದೆನಲ್ಲ. ಇನ್ನೊಂದು ಬೆಂಕಿಯ ಮಾತು ಹೇಳಲೇಬೇಕು. ಸಿನಿಮಾ ಪುಟ ಓದುವವರು ನೀವು, ನಿಮಗೆ ಹೇಳದೆ ಇನ್ಯಾರಿಗೆ ಹೇಳಲಿ?

1989ರ ಫೆಬ್ರವರಿ 8. ನಾನಾಗ ಮೀಸೆ ಚಿಗುರುತ್ತಿದ್ದ ಹುಡುಗ. ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಟೀವಿ ಧಾರಾವಾಹಿ ಶೂಟಿಂಗ್. ನಿಜವಾದ ಅರಮನೆ ಕೆಲವೇ ಮೈಲಿ ಆಚೆ ಪಾಯವಾಗಿ ಮಲಗಿದೆ, ಇಲ್ಲಿ ಸ್ಟುಡಿಯೋ ಒಳಗೆ ಹೊಸದಾಗಿ ಎದ್ದ ಸೆಟ್. ಸಂಭ್ರಮದ ದೃಶ್ಯ, ಮತಾಪು ಪಟಾಕಿ. ಕಿಡಿ ಹಾರಿತು. ಸದ್ದು ಹೀರಲಿ ಅಂತ ಗೋಡೆಗೆ ಗೋಣಿತಾಟು ಹೊದಿಸಿತ್ತು, ಗಾಳಿಯಾಡೋ ದಾರಿ ಸಾಲದು, ಅಂತ ಆಗ ವರದಿ ಬಂತು. 62 ಜನ ಸತ್ತರು. ಟಿಪ್ಪು ಪಾತ್ರಧಾರಿ, ನಿರ್ದೇಶಕ ಸಂಜಯ್ ಖಾನ್ ಮೈಯೆಲ್ಲ ಸುಟ್ಟು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು, ಲೆಕ್ಕವಿಲ್ಲದಷ್ಟು ಆಪರೇಷನ್ ಮಾಡಿಸಿಕೊಂಡು, ಬದುಕಿ ಬಂದು ಧಾರಾವಾಹಿ ಮುಗಿಸಿದರು. 1990ರಲ್ಲಿ ದೂರದರ್ಶನದಲ್ಲಿ ಬಂತು. ನಾವೂ ಊರಿನ ಒಂದೇ ಟೀವಿ ಮುಂದೆ ಗುಂಪು ಕೂತು ನೋಡಿದೆವು. ಕುದುರೆ ಓಡಿದರೆ ಚಪ್ಪಾಳೆ, ಕತ್ತಿ ಎತ್ತಿದರೆ ಚಪ್ಪಾಳೆ.

ಹೀರೋ ಹೆಸರು ಎಲ್ಲರಿಗೂ ಗೊತ್ತು. ಆ 62 ಜನರಲ್ಲಿ ಒಬ್ಬರ ಹೆಸರಾದರೂ ನಿಮಗೆ ಬರುತ್ತದೆಯೆ? ನನಗೆ ಬರೋದಿಲ್ಲ. ಅರಮನೆ ಅಂದರೆ ನಮಗೆ ಮುಂದೆ ನಿಂತು ಡೈಲಾಗ್ ಹೊಡೆಯೋನು. ತೊಲೆ ಹೊತ್ತವನು, ಪಂಜು ಹಿಡಿದವನು, ಚಾಮರ ಬೀಸಿದವಳು ಯಾರ ಲೆಕ್ಕಕ್ಕೂ ಇಲ್ಲ. ಟಿಪ್ಪುವಿನ ಕಾಲದಲ್ಲೂ ಇರಲಿಲ್ಲ. ಬುಕಾನನ್ ಸಾಹೇಬ ಹುಲಿ ಎಷ್ಟು ಅಂತ ಎಣಿಸಿ ಬರೆದ. ಆ ಹುಲಿಗಳಿಗೆ ದಿನಾ ಮಾಂಸ ಹಾಕುತ್ತಿದ್ದ ಮಹಾನುಭಾವ ಯಾರೋ!

ಈ ಮಾತು ಹೇಳಿದ ಮೇಲೆ ನಮ್ಮ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ತಾನಾಗಿ ಎದ್ದು ಇಟ್ಟಿಗೆ ಗೋಡೆಗಳ ಸುತ್ತ ಒಂದು ರೌಂಡು ಹೊಡೆದು ಬಂದ. ‘ಹುಲಿ ಕಟ್ಟಿದ ಜಾಗ ಯಾವ್ದಿರಬೋದು ಮಾವ?’ ಅಂತ ಕೇಳಿದ. ಮಾಹಿಷ್ಮತಿ ಮರೆತೇಹೋಗಿತ್ತು. ನನಗೆ ಅಷ್ಟು ಸಾಕಾಯಿತು.

ಅಂದಹಾಗೆ, ಪಟ್ಟಣದ ಒಂದು ಕಟ್ಟಡಕ್ಕೆ ಒಳ್ಳೆ ಯೋಗ ಬಂದದ್ದೂ ಉಂಟು. ರೈಲು ದಾರಿ ಜೋಡಿ ಮಾಡುವಾಗ ಟಿಪ್ಪುವಿನ ಮದ್ದಿನ ಮನೆ ಅಡ್ಡ ಬಂತು. ಕೆಡವಲಿಲ್ಲ! 2017ರಲ್ಲಿ ಜಾಕ್ ಕೊಟ್ಟು ಮೇಲೆತ್ತಿ, ಇಡೀ ಕಟ್ಟಡವನ್ನೇ ಇದ್ದಂತೆ ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಕೂರಿಸಿದರು. ಇನ್ನೂರು ವರ್ಷ ಮೊದಲೇ ಇಂಥ ಬುದ್ಧಿ ಯಾರಿಗಾದರೂ ಬಂದಿದ್ದರೆ ನಾಲ್ಕು ಹುಲಿಯ ಓಣಿ ನಾವೂ ನೋಡಬಹುದಿತ್ತು.

ಹೋಗಿ ಬನ್ನಿ. ಮೈಸೂರಿನಿಂದ ಅರ್ಧ ಗಂಟೆ ದಾರಿ. ಲಾಲ್ ಮಹಲ್ ನೋಡಿ, ಆಮೇಲೆ ದರಿಯಾ ದೌಲತ್ ನೋಡಿ, ಇದೇ ಸರಿಯಾದ ವರಸೆ. ಉಲ್ಟಾ ಮಾಡಿದರೆ ಪಾಯ ನೋಡೋ ತಾಳ್ಮೆ ಇರೋದಿಲ್ಲ. ಇಟ್ಟಿಗೆ ಮೇಲೆ ಮೊಳೆಯಲ್ಲಿ ನಿಮ್ಮ ಹೆಸರು, ಪಕ್ಕದಲ್ಲಿ ಬಾಣ ಚುಚ್ಚಿದ ಹೃದಯ, ಅದರ ಪಕ್ಕ ಅವಳ ಹೆಸರು ಕೆತ್ತಬೇಡಿ, ದಮ್ಮಯ್ಯ! ಅವಳೂ ಮೆಚ್ಚೋದಿಲ್ಲ, ಪುರಾತತ್ತ್ವ ಇಲಾಖೆಯೂ ಮೆಚ್ಚೋದಿಲ್ಲ.

ಇನ್ನು ಊಟಿಗಂತೂ ನೀವು ಹೋಗೇ ಹೋಗ್ತೀರಿ. ಹಾಡಿನಲ್ಲಿ ಕಂಡ ಹುಲ್ಲುಗಾವಲು, ನಾಯಕಿ ಓಡಿದ ಇಳಿಜಾರು ಹುಡುಕಿಕೊಂಡು ಗುಂಡ್ಲುಪೇಟೆ, ಬಂಡೀಪುರದ ಮೇಲೆ ಬಸ್ಸಲ್ಲಿ ಹೋಗೋ ಗುಂಪನ್ನು ನಾನೇ ನೋಡಿದ್ದೀನಿ. ಈ ಸಲ ಹೋದಾಗ ಸೇಂಟ್ ಸ್ಟೀಫನ್ಸ್ ಚರ್ಚು ಎಲ್ಲಿ ಅಂತ ಕೇಳಿ. ಪ್ರಾರ್ಥನೆ ನಡೆಯದ ಹೊತ್ತಲ್ಲಿ, ಚಪ್ಪಲಿ ಸದ್ದು ಮಾಡದೆ ಒಳಗೆ ಹೋಗಿ ಕತ್ತೆತ್ತಿ ಸೂರು ನೋಡಿ. ಶ್ರೀರಂಗಪಟ್ಟಣದಲ್ಲಿ ಕಾಣದ ಅರಮನೆ ಅಲ್ಲಿ ನಿಮ್ಮ ತಲೆ ಮೇಲೆ ಇರುತ್ತೆ.

ಮುಂದಿನ ವಾರ ಸಿಗೋಣ.